ಮಕ್ಕಳ ರಜೆಯಲ್ಲಿ ಒಂದು ದಿನ ವಾಳಪೈಗೆ

ಕ್ರಿಸ್‌ಮಸ್ ರಜೆ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಮಕ್ಕಳ ತಗಾದೆ ಶುರುವಾಗುತ್ತದೆ. ಮಂಗಳೂರು, ಪುತ್ತೂರುಗಳಲ್ಲಿರುವ ನೆಂಟರ ಮಕ್ಕಳು ದಸರೆಯ ರಜೆಯಲ್ಲೇ ಒಂದು ಸುತ್ತು ತಿರುಗಾಡಿ ಬಂದಿರುತ್ತಾರೆ. ಗಡಿಯ ಈಚೆಗಿನ ನಮ್ಮ ಮಕ್ಕಳಿಗೆ ಸಿಗುವ ರಜೆಯ ಲೆಕ್ಕವೇ ಬೇರೆ. ಓಣಂಗೆ ಹತ್ತು ದಿನ, ಕ್ರಿಸ್‌ಮಸ್ಸಿಗೆ ಹತ್ತು ದಿನ, ಮತ್ತೆ ಎಪ್ರಿಲ್–ಮೇ ತಿಂಗಳ ಬೇಸಗೆ. ಓಣಂ ಹೊತ್ತಿಗೆ ಮಳೆ ಬಿಟ್ಟಿರುವುದಿಲ್ಲ. ಬೇಸಗೆಯಲ್ಲಿ ಬಿಸಿಲೂ ಮದುವೆ ಮುಂಜಿಗಳೂ ಒಟ್ಟಿಗೇ ಬರುತ್ತವೆ. ಆದುದರಿಂದ ಸಂಸಾರ ಸಮೇತ ಹೊರಡುವುದಕ್ಕೆ ಉಳಿಯುವುದು ಕ್ರಿಸ್‌ಮಸ್ಸಿನ ಆ ಹತ್ತು ದಿನಗಳು ಮಾತ್ರ.

ಹೊರಡುವ ದಿಕ್ಕಿನ ಮಾತು ಬಂದಾಗ ಗೋವೆಯ ಹೆಸರು ಬೇಗನೆ ಬರುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಕಾಸರಗೋಡಿನಲ್ಲಿ ಹತ್ತಿ ಮಡಗಾಂವಿನಲ್ಲಿ ಇಳಿಯುವುದು ದೊಡ್ಡ ಪ್ರಯಾಣವಾಗಿ ಉಳಿದಿಲ್ಲ. ನೇತ್ರಾವತಿ, ಮಂಗಳಾ ಗಾಡಿಗಳು ನಮ್ಮ ನಿಲ್ದಾಣದಿಂದಲೇ ಆ ಕಡೆಗೆ ಸಾಗುತ್ತವೆ. ನಮ್ಮಲ್ಲಿನ ಕೊಂಕಣಿ ಮನೆಗಳವರಿಗಂತೂ ಮಂಗೇಶಿ, ಮಾರ್ದೋಳ, ಕವಳೆ, ರಾಮನಾಥಿಗಳ ಕುಲದೇವರ ದರ್ಶನ ಹಿರಿಯರ ಕಾಲದಿಂದ ಬಂದ ಕರ್ತವ್ಯ. ಉಳಿದವರಿಗೆ ಕಡಲ ಕಿನಾರೆಯ ಆಸೆ.

ಆದರೆ ಹೋಗಿ ಬಂದವರ ಮನೆಗಳಲ್ಲಿ ಕೇಳಿ ನೋಡಿ. ಬೆಳಿಗ್ಗೆ ಹಳೆ ಗೋವೆಯ ಇಗರ್ಜಿ, ಹತ್ತು ಗಂಟೆಗೆ ಮಂಗೇಶಿ, ಮಧ್ಯಾಹ್ನ ಇನ್ನೊಂದು ದೇವಸ್ಥಾನ, ಮೂರಕ್ಕೆ ಕೋಟೆ, ಸಂಜೆಗೆ ಸಮುದ್ರ. ಬಾಡಿಗೆ ಕಾರಿನವನಿಗೆ ಕೊಟ್ಟ ದುಡ್ಡು ವ್ಯರ್ಥವಾಗಬಾರದೆಂದು ದೊಡ್ಡವರು ಸ್ಥಳಗಳ ಪಟ್ಟಿಗೆ ಒಂದೊಂದಾಗಿ ಗೆರೆ ಎಳೆಯುತ್ತಾ ಹೋಗುತ್ತಾರೆ. ಐದು ವರ್ಷದ ಮಗು ನಾಲ್ಕನೆಯ ಸ್ಥಳದಲ್ಲಿ ರಚ್ಚೆ ಹಿಡಿಯುತ್ತದೆ, ಐದನೆಯದರಲ್ಲಿ ಅಪ್ಪನ ಹೆಗಲ ಮೇಲೆ ನಿದ್ದೆ ಹೋಗುತ್ತದೆ. ಮನೆಗೆ ಬಂದ ಮೇಲೆ ಅಜ್ಜಿ “ಏನೆಲ್ಲ ನೋಡಿದೆ ಮಗಾ?” ಎಂದು ಕೇಳಿದರೆ ಹೊಟೇಲಿನಲ್ಲಿ ತಿಂದ ಐಸ್‌ಕ್ರೀಮಿನ ವರ್ಣನೆ ಬರುತ್ತದೆಯೇ ಹೊರತು ಬೇರೇನೂ ಬರುವುದಿಲ್ಲ. ತಪ್ಪು ಮಗುವಿನದಲ್ಲ. ಆ ದಿನವನ್ನು ಕಾರಿನ ಲೆಕ್ಕಕ್ಕೆ ಹೊಂದಿಸಿದ್ದೇವೆ, ಮಗುವಿನ ಕಾಲಿನ ಲೆಕ್ಕಕ್ಕಲ್ಲ.

ಮಕ್ಕಳ ದಿನವನ್ನು ಸ್ಥಳಗಳ ಸಂಖ್ಯೆಯಿಂದ ಕಟ್ಟದೆ ಒಂದು ಪ್ರಶ್ನೆಯಿಂದ ಕಟ್ಟುವುದು ಲೇಸು. ಗೋವೆಗೆ ಹೊರಟ ಸಂಸಾರಕ್ಕೆ ಒಂದು ಪ್ರಶ್ನೆಯನ್ನೂ, ಅದಕ್ಕೆ ಉತ್ತರ ಹುಡುಕಬಹುದಾದ ಒಂದು ಸಣ್ಣ ಪೇಟೆಯನ್ನೂ ಸೂಚಿಸುವುದಕ್ಕಾಗಿ ಈ ಬರಹ. ಪೇಟೆಯ ಹೆಸರು ವಾಳಪೈ. ಪ್ರಶ್ನೆ: “ಪಣಜಿಯ ಮುಂದೆ ಹರಿಯುವ ಈ ಹೊಳೆ ಎಲ್ಲಿಂದ ಬಂತು?”

ನದಿಯೊಂದು, ದಿನವೆರಡು

ಮೊದಲ ದಿನವನ್ನು ಪಣಜಿ ಪಟ್ಟಣದಲ್ಲೇ ಕಳೆಯಿರಿ. ಮಾಂಡೋವಿ ನದಿ ಅಲ್ಲಿ ಸಮುದ್ರ ಸೇರುವ ಸಡಗರದಲ್ಲಿದೆ. ಪಣಜಿಯಿಂದ ಆಚೆ ದಡದ ಬೇತಿಗೆ ಜನರನ್ನೂ ವಾಹನಗಳನ್ನೂ ಹೊತ್ತು ಫೆರಿ ಓಡಾಡುತ್ತದೆ. ಮಕ್ಕಳನ್ನು ಅದರಲ್ಲಿ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಕರೆದೊಯ್ದರೆ ಸಾಕು, ದುಬಾರಿಯ ದೋಣಿ ವಿಹಾರ ಬೇಕಾಗದು. ಮಿರಾಮಾರಿನ ಮರಳಿನಲ್ಲಿ ನದಿಯೂ ಕಡಲೂ ಕೂಡುವ ಜಾಗವನ್ನು ತೋರಿಸಬಹುದು. ಅಲ್ಲೇ ಗೋವಾ ವಿಜ್ಞಾನ ಕೇಂದ್ರವಿದೆ. ಮುಟ್ಟಬಾರದು ಎಂಬ ಫಲಕಕ್ಕೆ ಬದಲಾಗಿ ಮುಟ್ಟಿ ತಿರುಗಿಸಿ ನೋಡಬಹುದಾದ ಯಂತ್ರಗಳಿರುವಲ್ಲಿ ಮಕ್ಕಳು ಎರಡು ಗಂಟೆ ಅಲುಗುವುದಿಲ್ಲ. ಒಂದು ದಿನಕ್ಕೆ ಇಷ್ಟು ಧಾರಾಳ.

ರಾತ್ರಿ ಮಲಗುವ ಮುನ್ನ ನಕಾಶೆ ಬಿಡಿಸಿ ಆ ಪ್ರಶ್ನೆಯನ್ನು ಕೇಳಿ. ಮಗು ಮಾಂಡೋವಿಯ ಮೇಲೆ ಬೆರಳಿಟ್ಟು ಮೂಡಣಕ್ಕೆ ಹೋಗಲಿ. ಹೋದಂತೆ ನದಿಯ ಹೆಸರು ಬದಲಾಗುತ್ತದೆ. ಸತ್ತರಿ ತಾಲೂಕಿನಲ್ಲಿ ಅದು ಮ್ಹಾದಯಿ, ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ನಾವು ಪತ್ರಿಕೆಗಳಲ್ಲಿ ಓದುವ ಮಹದಾಯಿ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ಭೀಮಗಡದ ಕಾಡಿನ ಮಗ್ಗುಲಲ್ಲಿ ಅದರ ಹುಟ್ಟು. ಒಟ್ಟು ಉದ್ದ ಸುಮಾರು 80 ಕಿ.ಮೀ. ನಮ್ಮ ಚಂದ್ರಗಿರಿಯೂ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ರಾಜ್ಯದ ಗಡಿ ದಾಟಿ ಕಾಸರಗೋಡಿನಲ್ಲಿ ಕಡಲು ಸೇರುವ ಹೊಳೆ ಎಂಬುದನ್ನು ಈ ಸಂದರ್ಭದಲ್ಲಿ ನೆನಪಿಸಬಹುದು. ಕನ್ನಡ ನಾಡಿನಲ್ಲಿ ಹುಟ್ಟಿ ಬೇರೆ ಭಾಷೆಯ ಊರಿನಲ್ಲಿ ಕಡಲು ಸೇರುವ ಹೊಳೆ ನಮ್ಮ ಮಕ್ಕಳಿಗೆ ಹೊಸತಲ್ಲ.

ಎರಡನೆಯ ದಿನ ಆ ನದಿಯ ಜಾಡು ಹಿಡಿದು ವಾಳಪೈಗೆ.

ವಾಳಪೈ ಎಂಬ ಊರು

ವಾಳಪೈ ಉತ್ತರ ಗೋವೆಯ ಸತ್ತರಿ ತಾಲೂಕಿನ ಕೇಂದ್ರ. ಪಣಜಿಯಿಂದ 50 ಕಿ.ಮೀ.ಗೆ ಸಮೀಪದ ದೂರ. ಕುಲದೇವರ ದರ್ಶನಕ್ಕೆಂದು ಬಂದು ಅಗ್ರಶಾಲೆಯಲ್ಲಿ ಇಳಿದುಕೊಂಡವರಿಗೆ ಫೋಂಡಾದಿಂದ ಇನ್ನೂ ಹತ್ತಿರ. ಪುರಸಭೆ, ಪೇಟೆಬೀದಿ, ಬಸ್ ನಿಲ್ದಾಣ, ಸಮುದಾಯ ಆರೋಗ್ಯ ಕೇಂದ್ರ, ಪೊಲೀಸ್ ತರಬೇತಿ ಶಾಲೆ, ಅರಣ್ಯ ಇಲಾಖೆಯ ಕಚೇರಿ, ಇಷ್ಟು ಇದ್ದರೂ ಪಟ್ಟಣದ ಗೌಜಿ ಇಲ್ಲ. ನಮ್ಮ ಬದಿಯಡ್ಕವನ್ನೋ ಮುಳ್ಳೇರಿಯವನ್ನೋ ಕಂಡವರಿಗೆ ಊರಿನ ಚಹರೆ ಅಪರಿಚಿತವೆನಿಸದು. ಡಿಸೆಂಬರ್ ಕೊನೆಯ ವಾರದಲ್ಲಿ ಗೋವೆಯ ಕಡಲ ಬದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಕೋಣೆ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಅದೇ ವಾರದಲ್ಲಿ ಈ ಒಳನಾಡು ತನ್ನ ಪಾಡಿಗೆ ತಾನಿರುತ್ತದೆ. ಮಕ್ಕಳ ಕೈ ಬಿಟ್ಟು ನಡೆಯಬಹುದಾದ ಊರೆಂಬುದೇ ತಾಯಂದಿರಿಗೆ ಅರ್ಧ ವಿಶ್ರಾಂತಿ.

ಸತ್ತರಿ ಎಂದರೆ ಎಪ್ಪತ್ತು ಹಳ್ಳಿಗಳ ನಾಡು ಎಂದು ಅರ್ಥ ಹೇಳುವುದುಂಟು. ಪೋರ್ಚುಗೀಜರು 16ನೇ ಶತಮಾನದಲ್ಲಿ ಗೋವೆಯ ಕಡಲ ಬದಿಯ ತಾಲೂಕುಗಳನ್ನು ಹಿಡಿದರೂ ಈ ಬೆಟ್ಟದ ಸೀಮೆ ಅವರ ಕೈಗೆ ಬಂದದ್ದು 18ನೇ ಶತಮಾನದಲ್ಲಿ. ಬಂದ ಮೇಲೂ ಅದು ಸುಮ್ಮನಿರಲಿಲ್ಲ. ಇಲ್ಲಿಯ ರಾಣೆ ಮನೆತನದವರು ಮತ್ತೆ ಮತ್ತೆ ದಂಗೆ ಎದ್ದರು. 1852ರಲ್ಲಿ ದೀಪಾಜಿ ರಾಣೆ ವಾಳಪೈ ಹತ್ತಿರದ ನಾಣೂಸ್ ಕೋಟೆಯನ್ನು ವಶಪಡಿಸಿಕೊಂಡು ಸುಮಾರು ಮೂರು ವರ್ಷ ಸರಕಾರದ ನಿದ್ದೆಗೆಡಿಸಿದನು. ಕೋಟೆಯಲ್ಲಿ ಈಗ ನೋಡುವುದಕ್ಕೆ ಹೆಚ್ಚಿನದೇನೂ ಉಳಿದಿಲ್ಲ. ಹತ್ತು ದಾಟಿದ ಹುಡುಗರಿಗೆ ಕತೆ ಹೇಳಿದರೆ ಸಾಕು.

ಬಸ್ಸಿನ ಮೈಮೇಲಿನ ಹೆಸರು

ವಾಳಪೈಗೆ ಕಾರು ಮಾಡಿಕೊಂಡು ಹೋಗುವುದಕ್ಕಿಂತ ಬಸ್ಸಿನಲ್ಲಿ ಹೋಗುವುದು ಮಕ್ಕಳಿಗೆ ಹಿತ. ಸಾಂಖಳಿ ದಾರಿಯಾಗಿ ಹೋದರೂ ಸರಿ, ಫೋಂಡಾ–ಉಸಗಾಂವ್ ದಾರಿಯಾಗಿ ಹೋದರೂ ಸರಿ, ಕಿಟಕಿಯ ಹೊರಗೆ ಗದ್ದೆ, ಹೊಳೆ, ಗಣಿಯ ಕೆಂಪು ಮಣ್ಣು, ಗೇರು ಗುಡ್ಡೆಗಳು ಒಂದಾದ ಮೇಲೊಂದು ಹಾದುಹೋಗುತ್ತವೆ. ಖಾಸಗಿ ಬಸ್ಸುಗಳೂ ಇವೆ. ಆದರೆ ಸಾಧ್ಯವಾದರೆ ಸರಕಾರಿ ಬಸ್ಸನ್ನೇ ಹತ್ತಿ, ಹತ್ತುವ ಮೊದಲು ಅದರ ಮೈಮೇಲಿನ ಹೆಸರನ್ನು ಮಕ್ಕಳಿಂದ ಓದಿಸಿ. ಅದು ಕದಂಬ. 1980ರಲ್ಲಿ ಸ್ಥಾಪನೆಯಾದ ಗೋವೆಯ ಸಾರಿಗೆ ನಿಗಮಕ್ಕೆ ಇಟ್ಟ ಹೆಸರು ಕದಂಬ ಸಾರಿಗೆ ನಿಗಮ. ಲಾಂಛನದಲ್ಲಿ ಕದಂಬರ ಸಿಂಹವೂ ಇದೆ.

ಪಾಠಪುಸ್ತಕದ ಒಂದು ಸಾಲಿನಲ್ಲಿ ಬನವಾಸಿಯ ಕದಂಬರ ಹೆಸರು ಓದಿದ ಮಗುವಿಗೆ, ಆ ಹೆಸರು ಹೊಗೆ ಬಿಟ್ಟುಕೊಂಡು ಹಾರ್ನ್ ಹಾಕುತ್ತಾ ಎದುರಿಗೆ ಬಂದು ನಿಲ್ಲುವುದು ಸಣ್ಣ ಸಂಗತಿಯಲ್ಲ. ಬಸ್ಸು ಹೊರಟ ಮೇಲೆ ಉಳಿದ ಕತೆ ಹೇಳಬಹುದು. ಬನವಾಸಿಯ ಕದಂಬರ ಕಾಲ ಮುಗಿದು ಶತಮಾನಗಳ ಬಳಿಕ, ಅದೇ ವಂಶದ ಹೆಸರು ಹೇಳಿಕೊಂಡ ಇನ್ನೊಂದು ಮನೆತನ ಗೋವೆಯಲ್ಲಿ ಆಳಿತು. ಮೊದಲು ಚಂದ್ರಪುರ, ಅಂದರೆ ಈಗಿನ ಚಾಂದೋರ್, ಅವರ ರಾಜಧಾನಿ. 11ನೇ ಶತಮಾನದಲ್ಲಿ ಒಂದನೇ ಜಯಕೇಶಿಯ ಕಾಲಕ್ಕೆ ಗೋಪಕಪಟ್ಟಣ ರಾಜಧಾನಿಯಾಯಿತು. ಘಟ್ಟದ ಮೇಲಿನ ಹಲಸಿಯೂ ಅವರದಾಗಿತ್ತು. ಅವರ ಶಾಸನಗಳಲ್ಲಿ ಸಂಸ್ಕೃತದವೂ ಇವೆ, ಕನ್ನಡದವೂ ಇವೆ. ಸತ್ತರಿಯ ಹಳ್ಳಿಗಳಲ್ಲಿ ವೀರಗಲ್ಲುಗಳು ಸಿಕ್ಕಿವೆ. ಇದನ್ನು ಕೇಳಿ “ಹಾಗಾದರೆ ಗೋವೆ ನಮ್ಮದೇ” ಎಂದು ಮಗು ಎದೆಯುಬ್ಬಿಸಿದರೆ ಮೆಲ್ಲನೆ ತಿದ್ದಬೇಕು. ಒಂದು ಕಾಲದ ಅರಸರ ಹೆಸರನ್ನು ಇನ್ನೊಂದು ಭಾಷೆಯ ಜನ ಗೌರವದಿಂದ ತಮ್ಮ ಬಸ್ಸಿಗೆ ಇಟ್ಟುಕೊಂಡಿದ್ದಾರೆ, ಕಲಿಯತಕ್ಕದ್ದು ಅದನ್ನು.

ಇದೇ ಬಸ್ಸಿನಲ್ಲಿ ಕನ್ನಡ ಕಿವಿಗೆ ಬೀಳುವ ಸಂಭವವೂ ಹೆಚ್ಚು. ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆಯಿಂದ ಕೂಲಿಗೆ, ಕಟ್ಟಡ ಕೆಲಸಕ್ಕೆ, ಸಣ್ಣ ವ್ಯಾಪಾರಕ್ಕೆ ಬಂದು ನೆಲೆಸಿದವರು ಗೋವೆಯ ಎಲ್ಲ ಪೇಟೆಗಳಲ್ಲಿದ್ದಾರೆ. “ಎಲ್ಲಿಗೆ ಹೊಂಟೀರಿ?” ಎಂಬ ಮಾತು ಕೇಳಿ ನಮ್ಮ ಮಕ್ಕಳು ಕಿಸಕ್ಕನೆ ನಗಬಹುದು. ನಗಲಿ, ಆದರೆ ಮಾತಾಡಿಸಲಿ. ನಾವು ಊರು ಬಿಟ್ಟವರಲ್ಲ, 1956ರ ನವೆಂಬರ 1ರಂದು ಗಡಿಗೆರೆಯೇ ನಮ್ಮನ್ನು ದಾಟಿ ಹೋಯಿತು. ಅವರು ಹೊಟ್ಟೆಪಾಡಿಗಾಗಿ ಗಡಿ ದಾಟಿ ಬಂದವರು. ಮನೆಯ ಹೊರಗೆ ಒಂದು ಭಾಷೆ, ಒಳಗೆ ಇನ್ನೊಂದು ಭಾಷೆ ಎಂಬ ಬದುಕು ಇಬ್ಬರ ಮಕ್ಕಳಿಗೂ ಒಂದೇ. ತನ್ನಂತೆಯೇ ಇನ್ನೊಂದು ಮಗು ಇನ್ನೊಂದು ರಾಜ್ಯದಲ್ಲಿ ಇದೆ ಎಂದು ನಮ್ಮ ಮಗುವಿಗೆ ತಿಳಿದರೆ ಅದರ ಒಂಟಿತನ ಸ್ವಲ್ಪ ಕಡಿಮೆಯಾಗುತ್ತದೆ. ಈ ಪಾಠ ಯಾವ ಪ್ರೇಕ್ಷಣೀಯ ಸ್ಥಳದಲ್ಲೂ ಸಿಕ್ಕದು.

ಊರು ಬಿಟ್ಟ ದೇವರು

ವಾಳಪೈಯಲ್ಲಿ ಇಳಿದೊಡನೆ ಹೊಟ್ಟೆಯ ಕೆಲಸ ಮುಗಿಸಬೇಕು. ಹಸಿದ ಮಗುವಿಗೆ ಚರಿತ್ರೆ ರುಚಿಸದು. ಬೆಳಗಿನ ಹೊತ್ತು ಪಾವ್–ಭಾಜಿ ಸಿಗುತ್ತದೆ. ಪೋರ್ಚುಗೀಜರ ಕಾಲದಿಂದ ಬಂದ ಈ ರೊಟ್ಟಿಯೇ ಗೋವೆಯ ಬಡವ ಬಲ್ಲಿದರೆಲ್ಲರ ಬೆಳಗಿನ ತಿಂಡಿ. ಬನ್ಸ್ ಕೂಡ ಉಂಟು. ನಮ್ಮ ಬಾಳೆಹಣ್ಣಿನ ಬನ್ಸೇ ಎಂದು ತಿಳಿದಾಗ ಹಠಮಾರಿ ಮಗುವೂ ತಟ್ಟೆ ಖಾಲಿ ಮಾಡುತ್ತದೆ.

ಅಲ್ಲಿಂದ ರಿಕ್ಷಾ ಮಾಡಿಕೊಂಡು ನಗರಗಾಂವ್ ಕಡೆಗೆ ಸುಮಾರು 7 ಕಿ.ಮೀ. ಹೋದರೆ ಬ್ರಹ್ಮಕರ್ಮಳಿ. ಹಿಂತಿರುಗುವ ಬಾಡಿಗೆಯನ್ನೂ ಮೊದಲೇ ಮಾತಾಡಿಕೊಳ್ಳಿ, ರಿಕ್ಷಾ ಅಲ್ಲೇ ಕಾಯಲಿ. ದೇಶದಲ್ಲಿ ಬ್ರಹ್ಮನಿಗೆ ಪೂಜೆ ನಡೆಯುವ ದೇವಸ್ಥಾನಗಳು ಬೆರಳೆಣಿಕೆಯವು, ಅವುಗಳಲ್ಲಿ ಇದೊಂದು. ಕಟ್ಟಡ ಸಾಮಾನ್ಯವಾದದ್ದು. ಒಳಗಿರುವ ಕರಿಕಲ್ಲಿನ ವಿಗ್ರಹ ಮಾತ್ರ ಕದಂಬರ ಕಾಲದ್ದು, ಗಡ್ಡಧಾರಿಯಾಗಿ ನಿಂತ ಬ್ರಹ್ಮ. “ನಾಲ್ಕು ಮುಖ ಇರಬೇಕಲ್ಲ, ಮೂರೇ ಕಾಣುತ್ತದೆ” ಎಂದು ಮಕ್ಕಳು ತಕರಾರು ತೆಗೆಯುತ್ತಾರೆ. ನಾಲ್ಕನೆಯದು ಹಿಂದಕ್ಕಿದೆ ಎಂದು ಭಾವಿಸಿಕೊಳ್ಳಬೇಕು ಎಂಬ ಉತ್ತರಕ್ಕೆ ಅರ್ಧ ಒಪ್ಪುತ್ತಾರೆ.

ಇಲ್ಲಿಯ ಕತೆ ಮಕ್ಕಳಿಗೆ ಹೇಳಲೇಬೇಕಾದದ್ದು. ಈ ಬ್ರಹ್ಮ ಮೂಲದಲ್ಲಿ ಇಲ್ಲಿಯವನಲ್ಲ. ಹಳೆ ಗೋವೆಯ ಬಳಿಯ ಕರ್ಮಳಿ ಎಂಬ ಊರಿನವನು. 16ನೇ ಶತಮಾನದಲ್ಲಿ ಪೋರ್ಚುಗೀಜರ ಆಡಳಿತದಲ್ಲಿ ದೇವಸ್ಥಾನಗಳು ಉರುಳತೊಡಗಿದಾಗ ಭಕ್ತರು ವಿಗ್ರಹವನ್ನು ಹೊತ್ತುಕೊಂಡು, ಅಂದು ಅವರ ಆಳ್ವಿಕೆಗೆ ಸೇರದಿದ್ದ ಈ ಕಾಡಿನ ಸೀಮೆಗೆ ಬಂದರು. ಬಂದವರು ಹೊಸ ಜಾಗಕ್ಕೂ ಬಿಟ್ಟು ಬಂದ ಊರಿನ ಹೆಸರನ್ನೇ ಇಟ್ಟರು. ಹೀಗೆ ಗೋವೆಯಲ್ಲಿ ಎರಡು ಕರ್ಮಳಿಗಳಾದವು. ಕೊಂಕಣ ರೈಲಿನ ಕರ್ಮಳಿ ನಿಲ್ದಾಣ ಇರುವುದು ದೇವರು ಬಿಟ್ಟು ಬಂದ ಕರ್ಮಳಿಯಲ್ಲಿ, ದೇವರು ಇರುವುದು ಕಾಡಿನ ಕರ್ಮಳಿಯಲ್ಲಿ. ಮಂಗೇಶನೂ ಹೀಗೆಯೇ 1560ರಲ್ಲಿ ಕುಶಸ್ಥಳಿಯನ್ನು ಬಿಟ್ಟು ಹೊಳೆ ದಾಟಿದನು. ನಮ್ಮ ಕೊಂಕಣಿ ನೆರೆಯವರ ಹಿರಿಯರು ದಕ್ಷಿಣಕ್ಕೆ ಬಂದು ಮಂಜೇಶ್ವರ, ಕುಂಬಳೆ, ಕಾಸರಗೋಡುಗಳಲ್ಲಿ ನೆಲೆಯೂರಿದ ಕತೆಯೂ ಬಹುಮಟ್ಟಿಗೆ ಇದರ ಜೊತೆಗೇ ಹೆಣೆದುಕೊಂಡಿದೆ. ತರಗತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂರುವ ಗೆಳೆಯನ ಮನೆಯಲ್ಲಿ ಏಕೆ ಕೊಂಕಣಿ ಮಾತಾಡುತ್ತಾರೆ ಎಂಬುದಕ್ಕೆ ಉತ್ತರ ಇಲ್ಲಿ ಕಣ್ಣೆದುರು ನಿಂತಿದೆ.

ದರ್ಶನವನ್ನು ಬೆಳಿಗ್ಗೆಯೇ ಇಟ್ಟುಕೊಳ್ಳಿ. ಒಂದು ಗಂಟೆ ಸಾಕು. ಅಂಗಳದಲ್ಲಿ ಮಕ್ಕಳು ಓಡಾಡಲಿ. ಅಲ್ಲಿಂದ ಇನ್ನೊಂದು ದೇವಸ್ಥಾನಕ್ಕೆ ಧಾವಿಸಬೇಡಿ.

ಗುರುತಿನ ತೋಟ, ಗುರುತಿಲ್ಲದ ಹೆಸರು

ಮಧ್ಯಾಹ್ನದ ಊಟ ಅನ್ನ–ಸಾರು. ಮೀನು ತಿನ್ನುವವರಿಗೆ ಗೋವೆಯಲ್ಲಿ ಯೋಚನೆಯೇ ಬೇಡ. ತಿನ್ನದವರು ಶಾಕಾಹಾರದ ಊಟ ಎಲ್ಲಿ ಸಿಗುತ್ತದೆಂದು ಬೆಳಿಗ್ಗೆ ತಿಂಡಿ ತಿನ್ನುವಾಗಲೇ ವಿಚಾರಿಸಿಟ್ಟುಕೊಳ್ಳುವುದು ಉತ್ತಮ. ಊಟದ ಜೊತೆಗೆ ಬರುವ ನಸುಗೆಂಪು ಬಣ್ಣದ ಸೋಲಕಡಿಯನ್ನು ಮಕ್ಕಳು ಅನುಮಾನದಿಂದ ನೋಡಬಹುದು. ನಮ್ಮ ಪುನರ್ಪುಳಿಯೇ ಅದು, ತೆಂಗಿನ ಹಾಲು ಸೇರಿದೆ ಅಷ್ಟೇ.

ಊಟದ ಬಳಿಕ ಬಿಸಿಲು ಇಳಿಯುವ ತನಕ ನೆರಳು ಬೇಕು. ಸತ್ತರಿಯಲ್ಲಿ ಕುಳಾಗರ ಎಂದು ಕರೆಯುವ ತೋಟಗಳಿವೆ. ತೆಂಗು, ಕಂಗು, ಬಾಳೆ, ಮರಕ್ಕೆ ಹಬ್ಬಿದ ಒಳ್ಳೆಮೆಣಸಿನ ಬಳ್ಳಿ, ನಡುವೆ ತೋಡು. ಹಣ ಪಡೆದು ತೋಟ ತೋರಿಸಿ ಊಟವನ್ನೂ ಹಾಕುವ ಸಂಬಾರ ತೋಟಗಳು ವಾಳಪೈ ಮತ್ತು ಫೋಂಡಾ ಕಡೆ ಇವೆ. “ಅಡಿಕೆ ತೋಟ ನೋಡಲು ಗೋವೆಗೆ ಬರಬೇಕೇ? ಮನೆಯ ಜಾಲಿನಿಂದ ಕೆಳಗಿಳಿದರೆ ಅದೇ ತಾನೆ?” ಎಂದು ಯಜಮಾನರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಮುಂಬಯಿಯಿಂದಲೋ ದಿಲ್ಲಿಯಿಂದಲೋ ಬಂದ ಪ್ರವಾಸಿಗಳು ಒಳ್ಳೆಮೆಣಸು ಬಳ್ಳಿಯಲ್ಲಿ ಬಿಡುತ್ತದೆಯೇ ಎಂದು ಬೆರಗಾಗುತ್ತಿರುವಾಗ, ಬೇಳದ ಅಥವಾ ಎಣ್ಮಕಜೆಯ ಒಬ್ಬ ಹತ್ತು ವರ್ಷದ ಹುಡುಗ ಅದನ್ನು ಹೇಗೆ ಕೊಯ್ಯುವುದು, ಹೇಗೆ ಒಣಗಿಸುವುದು ಎಂದು ವಿವರಿಸಬಲ್ಲ. ಆ ದಿನ ಗುರು ಅವನೇ. ಹಳ್ಳಿಯಿಂದ ಬಂದವನೆಂಬ ಸಂಕೋಚ ಅಷ್ಟರಮಟ್ಟಿಗೆ ಕಳೆಯುತ್ತದೆ.

ಗೇರಿನ ಮಾತೂ ಹಾಗೆಯೇ. ಪೋರ್ಚುಗೀಜರು ಬ್ರೆಜಿಲಿನಿಂದ ತಂದ ಈ ಗಿಡ ಸತ್ತರಿಯ ಗುಡ್ಡೆಗಳನ್ನೂ ನಮ್ಮ ಗುಡ್ಡೆಗಳನ್ನೂ ಒಂದೇ ಬಗೆಯಲ್ಲಿ ಆವರಿಸಿದೆ. ಡಿಸೆಂಬರಿನಲ್ಲಿ ಹಣ್ಣು ಇರುವುದಿಲ್ಲ, ಬೀಜ ಪೇಟೆಯಲ್ಲಿ ಸಿಗುತ್ತದೆ. ಮಕ್ಕಳಿಗೆ ಒಂದು ಸಣ್ಣ ಕೆಲಸ ಕೊಡಿ: ಗುರುತಿನ ಹತ್ತು ವಸ್ತುಗಳಿಗೆ ಅಲ್ಲಿಯವರು ಏನು ಹೆಸರು ಹೇಳುತ್ತಾರೆಂದು ಕೇಳಿ ಬರೆದುಕೊಳ್ಳುವುದು. ಗೇರಿಗೆ ಕಾಜು, ಪುನರ್ಪುಳಿಗೆ ಭಿರಂಡ, ತೆಂಗಿಗೆ ಮಾಡ. ಕನ್ನಡ, ತುಳು, ಮಲೆಯಾಳ ಮೂರನ್ನೂ ಆಡಿಕೊಂಡೇ ಬೆಳೆಯುವ ನಮ್ಮ ಮಕ್ಕಳಿಗೆ ನಾಲ್ಕನೆಯದನ್ನು ಹೆಕ್ಕುವುದು ಆಟ. ಭಾಷೆ ಹೆಚ್ಚಾದಷ್ಟೂ ಹೊರೆ ಎಂದು ಶಾಲೆಯಲ್ಲಿ ಅನಿಸಿದ ಮಗುವಿಗೆ ಅದು ಬಂಡವಾಳವೆಂದು ತಿಳಿಯುವ ಜಾಗ ಇಂಥದು.

ನೀರಿನ ಹತ್ತಿರ ಎಚ್ಚರ

ಇಷ್ಟೆಲ್ಲ ಹೇಳಿದ ಮೇಲೆ ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ಅಪರಾಧವಾದೀತು.

ಮೊದಲನೆಯದು ನೀರು. ವಾಳಪೈಯ ಸುತ್ತಣ ಕಾಡಿನಲ್ಲಿ ಮಳೆಗಾಲದ ಅಬ್ಬಿಗಳು ಅನೇಕ. ಚಿತ್ರ ನೋಡಿ ಆಸೆಪಟ್ಟು ಓಣಂ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದವರು ಅದನ್ನು ಕೈಬಿಡಬೇಕು. 2023ರ ಜುಲೈಯಲ್ಲಿ ದಕ್ಷಿಣ ಗೋವೆಯ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿದ ಬಳಿಕ ಅರಣ್ಯ ಇಲಾಖೆ ಅಭಯಾರಣ್ಯಗಳೊಳಗಿನ ಜಲಪಾತಗಳಿಗೆ ಪ್ರವೇಶವನ್ನು ನಿಷೇಧಿಸಿತು. ಮರುವರ್ಷ, 2024ರ ಜುಲೈ 7ರಂದು, ಭಾನುವಾರ, ಸತ್ತರಿಯ ಪಾಳಿ ಜಲಪಾತಕ್ಕೆ ಹೋಗಿದ್ದ ಎಂಬತ್ತರಷ್ಟು ಮಂದಿ ಹಿಂತಿರುಗಲಾರದೆ ಸಿಕ್ಕಿಬಿದ್ದರು. ಹೋಗುವಾಗ ದಾಟಿದ ತೊರೆ ಬರುವಾಗ ಉಕ್ಕಿ ಹರಿಯುತ್ತಿತ್ತು. ಅವರನ್ನು ಹಗ್ಗ ಕಟ್ಟಿ ದಾಟಿಸಬೇಕಾಯಿತು. ಬೆಟ್ಟದ ತೊರೆಯ ಸ್ವಭಾವವೇ ಅದು. ನಿಂತ ಜಾಗದಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಸುರಿದ ಮಳೆ ಅರ್ಧ ಗಂಟೆಯಲ್ಲಿ ಕೆಳಗಿಳಿಯುತ್ತದೆ. ಮಧೂರು ಅಂಗಳಕ್ಕೆ ಮಧುವಾಹಿನಿಯ ನೀರು ಏರುವುದನ್ನು ಕಂಡ ನಮಗೆ ಹೆಚ್ಚು ಹೇಳಬೇಕಾಗಿಲ್ಲ.

ಡಿಸೆಂಬರಿನಲ್ಲಿ ನದಿ ಶಾಂತವಾಗಿರುತ್ತದೆ. ಆಗಲೂ ಸೇತುವೆಯ ಮೇಲಿಂದ, ದಡದಿಂದ ನೋಡಿದರೆ ಸಾಕು. ಪಾದ ನೆನೆಸುವುದಾದರೆ ಊರವರು ಬಟ್ಟೆ ಒಗೆಯುವ ತಾಣವನ್ನು ಕೇಳಿ ತಿಳಿದು, ದೊಡ್ಡವರು ಕೆಳಗಿನ ಬದಿಯಲ್ಲಿ ನಿಂತು, ಮಕ್ಕಳ ಕೈ ಹಿಡಿದುಕೊಂಡಿರಬೇಕು. ಮಳೆಗಾಲದಲ್ಲಿ ರಭಸದ ನೀರಿನಲ್ಲಿ ರಬ್ಬರ್ ದೋಣಿ ನಡೆಸುವ ಸಾಹಸವೂ ಮ್ಹಾದಯಿಯಲ್ಲಿ ನಡೆಯುತ್ತದೆ. ಅದು ದೊಡ್ಡವರ ಆಟ.

ಎರಡನೆಯದು ಉಣ್ಣಿ. ಮಂಗನ ಕಾಯಿಲೆ ಎಂದು ನಾವು ಕರೆಯುವ ಜ್ವರ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಆ ಊರಿನ ಹೆಸರೇ ಜಗತ್ತಿನ ವೈದ್ಯಗ್ರಂಥಗಳಲ್ಲಿ ಕಾಯಿಲೆಯ ಹೆಸರಾಗಿದೆ. 2015ರ ಆಸುಪಾಸಿನಲ್ಲಿ ಅದು ಸತ್ತರಿಯ ಪಾಳಿ ಮುಂತಾದ ಹಳ್ಳಿಗಳಲ್ಲೂ ಕಾಣಿಸಿಕೊಂಡು ಜೀವ ತೆಗೆದುಕೊಂಡಿತು. ಕಾಡಿನ ಉಣ್ಣಿ ಕಚ್ಚುವುದರಿಂದ ಇದು ಹರಡುತ್ತದೆ. ಡಿಸೆಂಬರಿನಿಂದ ಮೇ ತನಕ, ಗೇರು ಕೊಯ್ಲಿನ ತಿಂಗಳುಗಳೂ ಸೇರಿ, ಅದರ ಕಾಲ. ಹೆದರಿ ಪ್ರವಾಸ ಬಿಡಬೇಕಾಗಿಲ್ಲ. ಕಾಡಿನೊಳಗೆ ಹೋಗದಿದ್ದರಾಯಿತು. ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಮಕ್ಕಳಿಗೆ ಉದ್ದ ಚಡ್ಡಿ, ಕಾಲುಚೀಲ, ಬೂಟು. ಮಂಗ ಸತ್ತು ಬಿದ್ದಿರುವಲ್ಲಿ ನಿಲ್ಲಬಾರದು. ಸಂಜೆ ಕೋಣೆಗೆ ಬಂದೊಡನೆ ಬಟ್ಟೆ ಬದಲಿಸಿ, ಬಿಸಿನೀರಿನ ಸ್ನಾನ ಮಾಡಿಸಿ, ಕಂಕುಳು, ಕಿವಿಯ ಹಿಂದೆ, ಮೊಣಕಾಲಿನ ಹಿಂದೆ ನೋಡಬೇಕು. ಊರಿಗೆ ಬಂದ ಒಂದೆರಡು ವಾರದೊಳಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ದೊಡ್ಡ ಮಕ್ಕಳಿದ್ದರೆ

ಹನ್ನೆರಡು ದಾಟಿದ ಮಕ್ಕಳಿರುವ ಸಂಸಾರ ಇನ್ನೊಂದು ದಿನವನ್ನು ತಾಂಬ್ಡಿ ಸುರ್ಲಕ್ಕೆ ಮೀಸಲಿಡಬಹುದು. ಅದೇ ದಿನ ತುರುಕಬೇಡಿ. ವಾಹನ ಮಾಡಿಕೊಂಡೇ ಹೋಗಬೇಕು. ಕಾಡಿನ ನಡುವೆ, ತೊರೆಯ ದಡದಲ್ಲಿ, ಕದಂಬರ ಕಾಲದ ಮಹಾದೇವ ದೇವಸ್ಥಾನ ಒಂಟಿಯಾಗಿ ನಿಂತಿದೆ. 12–13ನೇ ಶತಮಾನದ್ದು, ಕರಿಕಲ್ಲಿನದು, ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿದ್ದು. ಆ ಕಾಲದ ಗೋವೆಯ ದೇವಾಲಯಗಳಲ್ಲಿ ಬಹುತೇಕ ಎಲ್ಲವೂ ಅಳಿದರೂ ಇದು ಕಾಡು ಅಡ್ಡ ನಿಂತದ್ದರಿಂದ ಉಳಿಯಿತು. ಚಿತ್ರಗಳಲ್ಲಿ ದೊಡ್ಡದಾಗಿ ಕಾಣುವ ಗುಡಿ ಎದುರಿಗೆ ನಿಂತಾಗ ಚಿಕ್ಕದು. ಕಂಬವೊಂದರ ಬುಡದಲ್ಲಿ ಕುದುರೆಯನ್ನು ತುಳಿಯುವ ಆನೆಯ ಕೆತ್ತನೆ ಇದೆ. ಅದನ್ನು ಮೊದಲು ಯಾರು ಹುಡುಕುತ್ತಾರೆ ಎಂದು ಪಂಥ ಕಟ್ಟಿದರೆ ಹುಡುಗರು ಒಂದೊಂದು ಕಂಬವನ್ನೂ ಬಿಡದೆ ನೋಡುತ್ತಾರೆ.

ಅದೇ ಮಕ್ಕಳಿಗೆ ಮ್ಹಾದಯಿ ಅಭಯಾರಣ್ಯದ ಕತೆಯೂ ಅರ್ಥವಾಗುತ್ತದೆ. 1999ರಲ್ಲಿ ಸತ್ತರಿಯ 208 ಚದರ ಕಿ.ಮೀ. ಕಾಡನ್ನು ಅಭಯಾರಣ್ಯವೆಂದು ಸಾರಲಾಯಿತು. 2020ರ ಜನವರಿಯಲ್ಲಿ ಅಲ್ಲಿಯೇ ಒಂದು ತಾಯಿ ಹುಲಿಯೂ ಅದರ ಮೂರು ಮರಿಗಳೂ ವಿಷಕ್ಕೆ ಬಲಿಯಾದವು. ಜಾನುವಾರು ಕಳೆದುಕೊಂಡವರ ಸಿಟ್ಟು ಒಂದು ಕಡೆ, ಸತ್ತ ಮರಿಗಳು ಇನ್ನೊಂದು ಕಡೆ. ಯಾರ ಪರ ನಿಲ್ಲುವುದೆಂದು ಮಕ್ಕಳು ತಾವೇ ಚರ್ಚಿಸಲಿ.

ನೀರು ಯಾರದು?

ಸಂಜೆ ಪಣಜಿಗೆ ಮರಳುವ ಬಸ್ಸಿನಲ್ಲಿ ಜಾಣ ಮಗು ಇನ್ನೊಂದು ಪ್ರಶ್ನೆ ಕೇಳಬಹುದು: “ಮಹದಾಯಿ ನೀರಿಗಾಗಿ ಜಗಳ ಎಂದು ಪತ್ರಿಕೆಯಲ್ಲಿ ಬರುತ್ತದಲ್ಲ, ನೀರು ಯಾರದು?” ಅಕ್ಕಪಕ್ಕದಲ್ಲಿ ಕೂತವರು ಗೋವೆಯವರು. ಆದುದರಿಂದ ಉತ್ತರವನ್ನು ತೂಗಿ ಕೊಡಬೇಕಾಗುತ್ತದೆ.

ಖಾನಾಪುರ ತಾಲೂಕಿನ ಒಂದೇ ಬೆಟ್ಟಸಾಲಿನಿಂದ ಎರಡು ನದಿಗಳು ಹೊರಡುತ್ತವೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಹದಾಯಿ ಪಡುವಣಕ್ಕೆ ಇಳಿದು ಗೋವೆಯ ಪಾಲಾಗುತ್ತದೆ. ಮಹದಾಯಿಯ ತೊರೆಗಳಾದ ಕಳಸಾ, ಬಂಡೂರಿಗಳ ಸ್ವಲ್ಪ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು ಕರ್ನಾಟಕದ ಬೇಡಿಕೆ. ನರಗುಂದ, ನವಲಗುಂದದ ರೈತರು ಇದಕ್ಕಾಗಿ ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ತಿರುಗಿಸಿದರೆ ತಮ್ಮ ಕಾಡೂ ಕುಡಿಯುವ ನೀರೂ ಬತ್ತುತ್ತದೆ, ಕಡಲ ಉಪ್ಪು ನದಿಯೊಳಗೆ ಏರುತ್ತದೆ ಎಂಬುದು ಗೋವೆಯ ಭಯ. 2010ರಲ್ಲಿ ರಚನೆಯಾದ ನ್ಯಾಯಾಧಿಕರಣ 2018ರ ಆಗಸ್ಟಿನಲ್ಲಿ ತೀರ್ಪು ಕೊಟ್ಟ ಮೇಲೂ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು.

ಕನ್ನಡಿಗರಾದ ನಮಗೆ ಮಲಪ್ರಭೆಯ ಬಾಯಾರಿಕೆ ಹತ್ತಿರದ್ದೆನಿಸುವುದು ಸಹಜ. ಆದರೆ ಆ ದಿನ ವಾಳಪೈಯಲ್ಲಿ ಊಟ ಮಾಡಿ, ಅಲ್ಲಿಯ ನೀರು ಕುಡಿದು, ತೋಟದ ತೋಡಿನಲ್ಲಿ ಕೈ ತೊಳೆದು ಬಂದ ಮಗುವಿಗೆ ಆ ಬದಿಯ ಭಯವೂ ಕಂಡಿರುತ್ತದೆ. ಬಹುಸಂಖ್ಯಾತರ ನಡುವೆ ತಮ್ಮ ಮಾತು ಕೇಳಿಸಿಕೊಳ್ಳುವವರು ಬೇಕೆಂದು ಬಯಸುತ್ತಾ ಬಂದವರು ನಾವು. ಇನ್ನೊಬ್ಬರ ಮಾತನ್ನೂ ಕೇಳಿಸಿಕೊಳ್ಳುವ ಅಭ್ಯಾಸವನ್ನು ನಮ್ಮ ಮಕ್ಕಳಿಗೆ ಮೊದಲು ಕಲಿಸಬೇಕಾದವರೂ ನಾವೇ.

ಹೊರಡುವವರಿಗೆ ನಾಲ್ಕು ಮಾತು

ಹೋಗುವ ದಿನವನ್ನು ಮಕ್ಕಳೂ ಕೂಡಿ ನಿಶ್ಚಯಿಸಲಿ. ಅವರ ಪಟ್ಟಿಯಲ್ಲಿರುವ ಒಂದಾದರೂ ಆಸೆ, ಫೆರಿಯೋ ಐಸ್‌ಕ್ರೀಮೋ ಏನಾದರೂ ಸರಿ, ಈಡೇರಬೇಕು. ಬೆಳಿಗ್ಗೆ ಏಳರೊಳಗೆ ಹೊರಡಿ, ಕತ್ತಲಾಗುವ ಮೊದಲು ಹಿಂತಿರುಗಿ. ಸಂಜೆ ಮರಳುವ ಬಸ್ಸು ಎಷ್ಟು ಹೊತ್ತಿಗೆ ಎಂದು ವಾಳಪೈಯಲ್ಲಿ ಇಳಿದ ಕೂಡಲೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ. ಚೀಲದಲ್ಲಿ ಕುದಿಸಿ ಆರಿಸಿದ ನೀರು, ಒಂದು ಜೊತೆ ಬಟ್ಟೆ, ಬೈರಾಸು, ಅವಲಕ್ಕಿ ಅಥವಾ ಬಾಳೆಹಣ್ಣು, ಬಸ್ಸಿನಲ್ಲಿ ವಾಂತಿ ಮಾಡುವ ಮಗುವಿಗೆ ನಿಂಬೆಹುಳಿ. ಅಜ್ಜ ಅಜ್ಜಿಯರನ್ನು ಬಿಟ್ಟು ಹೋಗಬೇಡಿ. ಮಗುವಿನ ನಡಿಗೆಗೂ ಅಜ್ಜನ ನಡಿಗೆಗೂ ವೇಗ ಒಂದೇ, ಇಬ್ಬರಿಗೂ ಸರಿಯಾದ ದಿನವಾದರೆ ನಡುವಿನವರಿಗೂ ಸರಿಯಾಗುತ್ತದೆ. ಎರಡು ಗಂಟೆಗೊಮ್ಮೆ ಏನೂ ನೋಡದೆ ಸುಮ್ಮನೆ ಕೂರುವ ಅರ್ಧ ಗಂಟೆಯನ್ನು ಯೋಜನೆಯಲ್ಲೇ ಸೇರಿಸಿಕೊಳ್ಳಿ.

ಗೋವೆಗೆ ಹೋಗಲು ಅನುಕೂಲವಿಲ್ಲದವರು ಬೇಸರಪಡಬೇಕಾಗಿಲ್ಲ. ಪ್ರಶ್ನೆ ಇಲ್ಲಿಯೂ ಕೇಳಬಹುದಾದದ್ದೇ. ಚಂದ್ರಗಿರಿ ಸೇತುವೆಯ ಮೇಲೆ ಮಗುವನ್ನು ನಿಲ್ಲಿಸಿ ಈ ಹೊಳೆ ಎಲ್ಲಿಂದ ಬಂತು ಎಂದು ಕೇಳಿದರೂ ಒಂದು ದಿನದ ಪ್ರವಾಸಕ್ಕೆ ದಾರಿ ಸಿಗುತ್ತದೆ.